ಖಾಲಿ ಸ್ಟೇಜು

ಶನಿವಾರ ನನ್ನ ವಾರದ ರಜೆ.
ತಾಳಿಕೋಟಿ ಗಾಡಿಯಲ್ಲಿ ಅಂದು ನಾನೂ ಪ್ಯಾಸೆಂಜರು.
ಡೋಣಿ ದಂಡೆಗೆ ಇಳಿದು, ಎರಿಹೊಲ ದಾಟಿ,
ದಾವಲಬಿಯ ಪಡ ಬಿದ್ದ ಎಂಟೆಕರೆ ಹುಲ್ಲಿನ ಬದಿಗೆ
ಟವೆಲ್ ಹಾಸಿ ಕೂಡುತ್ತೇನೆ,
ಕೊರಳಲ್ಲಿ ಚರ್ಮದ ಚೀಲದ ಬದಲು ದುರ್ಬೀನು.

ಪುಸ್ತಕದಲ್ಲಿ ಅದರ ಹೆಸರು ಸೆಳೆವ.
ಕುರಿ ಕಾಯುವ ಅಮೋಗಿಗೆ ತೂಗಗಿಡಗ:
‘ಹದ್ದು ಮ್ಯಾಲಿಂದ ನೋಡ್ತೈತ್ರಿ. ಇದು ಹಂಗಲ್ಲ,
ತೆನಿ ಮ್ಯಾಲ ಕೈಯಾಡಿಸಿದಂಗ ಹೋಗ್ತೈತಿ.’
ನಿಜ. ಬಿಳಿಜೋಳಕ್ಕಿಂತ ಮೊಳ ಮೇಲೆ
ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ,
ಹಗಲಿಡೀ ಸಾಲು ಹಿಡಿದು ಹೊಲ ಓದುತ್ತದೆ.

ಹೊತ್ತು ಮುಳುಗಿದರೆ ಗಿಡ ಹತ್ತುವುದಿಲ್ಲ ಅವು.
ಹುಲ್ಲಿನ ಮೇಲೆ ಸುತ್ತಿ ಸುತ್ತಿ, ಕಾಲು ಇಳಿಬಿಟ್ಟು,
ಒಂದೊಂದೇ ನೆಲಕ್ಕಿಳಿಯುತ್ತವೆ.
ಇಳಿದದ್ದನ್ನಷ್ಟೇ ಎಣಿಸಬೇಕು.
ಸುತ್ತುವುದನ್ನೂ ಎಣಿಸಿದರೆ
ಒಂದೇ ತಲೆಗೆ ಎರಡು ಟಿಕೆಟ್ ಹರಿದಂತೆ.
ಬೂದು ಗಂಡು ಹನ್ನೊಂದು.
ಕಂದುಬಣ್ಣದವು ಹತ್ತೊಂಬತ್ತು, ಹೆಣ್ಣೋ ಮರಿಯೋ ಹೇಳಲಾರೆ.
ಕತ್ತಲಲ್ಲಿ ತಿಳಿಯದ್ದು ಏಳು;
ತಿಳಿಯಲಿಲ್ಲ ಎಂದೇ ಬರೆದೆ.

ರಾತ್ರಿ ದಾವಲಬಿಯ ಪಡಸಾಲೆ. ನಸುಕಿಗೆ
ಅವು ಎದ್ದು ಹೋದ ತಗ್ಗುಗಳಲ್ಲಿ ಉಗುಳಿದ ಉಂಡೆ ಆರಿಸಿ
ಬೆಂಕಿಪೊಟ್ಟಣದೊಳಗೆ ತರುತ್ತೇನೆ.
ಸೂಜಿಯಿಂದ ಬಿಡಿಸಿದರೆ ಮಿಡತೆಯ ಗರಗಸಗಾಲು,
ಇಲಿಯ ದವಡೆ, ಒಂದರಲ್ಲಿ ಜೋಳದ ಕಾಳು
(ಅದು ಇಲಿ ತಿಂದದ್ದಿರಬೇಕು).
‘ರೊಟ್ಟಿ ಬಡಿಯೋ ಕಲ್ಲಿನ ಮ್ಯಾಲ ಬ್ಯಾಡ್ರಿ!’
ಮನೆಯವಳ ಕೂಗು.

ಎಳ್ಳ ಅಮಾಸಿ ಮುಗಿದ ವಾರ.
ಹುಲ್ಲು ಬುಡಮಟ್ಟ ಕೊಯ್ದಿತ್ತು. ನಾಲ್ಕೂ ಮೂಲೆಗೆ
ಕೆಂಪು ಬಳಿದ ಕಲ್ಲು. ಸೋಲಾರಿನವರಂತೆ.
ವರ್ಷಾವರ್ಷ ಬಾಡಿಗೆ ಬರುತ್ತದೆ;
ದಾವಲಬಿಯ ಎಡಗಣ್ಣಿನ ಆಪರೇಷನ್ ಇನ್ನೂ ಬಾಕಿ.
ಚಹಾ ಕೊಟ್ಟಳು. ಕುಡಿದೆ. ನಾನೇನು ಹೇಳಲಿ.

ಅದೇ ಬದಿಗೆ ಕುಳಿತೆ.
ಆರು. ಆರೂ ಇಪ್ಪತ್ತು. ಆರೂ ನಲವತ್ತು.
‘ಏನ್ ಬರೀತೀರಿ ಇವತ್ತ? ಏನೂ ಇಲ್ಲಲ್ಲ,’ ಅಮೋಗಿ ಕೇಳಿದ.
ಇಪ್ಪತ್ತೆರಡು ವರ್ಷ ವೇಬಿಲ್ ತುಂಬಿದ ಕೈ ಇದು.
ಯಾರೂ ಹತ್ತದ ಸ್ಟೇಜಿಗೂ ಸೊನ್ನೆ ಹಾಕಬೇಕು.
ಬಿಟ್ಟರೆ, ಗಾಡಿ ಅಲ್ಲಿಗೆ ಹೋಗೇ ಇಲ್ಲ ಅಂದಂತೆ.
ಬರೆದೆ:
ಗಾಳಿ ಮೂಡಣ. ಮೋಡ ಇಲ್ಲ. ಸೆಳೆವ ೦.

ಮಂಗಳವಾರ, ಮೂರನೇ ಟ್ರಿಪ್ಪು.
ಫುಟ್‌ಬೋರ್ಡಿನ ಮೇಲಿದ್ದೆ. ಕುಸುಬಿ ಹೊಲದ ಮುಳ್ಳಿನ ಮೇಲೆ
ಒಂದು ಬೂದು ಗಂಡು, ಅವಸರವಿಲ್ಲದೆ, ಪಡುವಣಕ್ಕೆ.
ಸೀಟಿ ಬಾಯಲ್ಲೇ ಇತ್ತು. ಊದಿಬಿಟ್ಟೆ.
ಬ್ರೇಕು. ಕನ್ನಡಿಯಲ್ಲಿ ಡ್ರೈವರ್ ನದಾಫ:
‘ಯಾರ್ರೀ ಇಳಿಯೋರು?’
ಯಾರೂ ಏಳಲಿಲ್ಲ. ಕೋಳಿಬುಟ್ಟಿಯ ಮುದುಕಿ
ನನ್ನ ಮುಖ ನೋಡಿದಳು.

ಹಾಳಾದ ಟಿಕೆಟ್ಟಿನ ಬೆನ್ನಿಗೆ ಗೀಚಿಕೊಂಡೆ:
ಐದೂ ನಲವತ್ತೆಂಟು. ಒಂದು.
ಎಲ್ಲಿ ಇಳಿಯುವುದೋ ಗೊತ್ತಿಲ್ಲ.
ಆಮೇಲೆ ಎರಡು ಸೀಟಿ.