ಬಲದಿಂದ ಎಡಕ್ಕೆ

ದಾವಣಗೆರೆ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ
ನಾಲ್ಕಡಿ ಅಗಲದ ಅಂಗಡಿ ನನ್ನದು.
ರಬ್ಬರ್ ಸ್ಟಾಂಪು ಮಾಡುತ್ತೇನೆ.
ಮೂವತ್ತೊಂದು ವರ್ಷದಿಂದ ಕನ್ನಡವನ್ನು
ಬಲದಿಂದ ಎಡಕ್ಕೆ ಓದುತ್ತಿದ್ದೇನೆ.
ದಲಾಲರು, ಡಾಕ್ಟರು, ಹೆಡ್‌ಮಾಸ್ತರು, ನೋಟರಿ,
ಎಲ್ಲರ ದರ್ಪವೂ ನನ್ನ ಕೈಗೆ
ಮೊದಲು ಉಲ್ಟಾ ಆಗಿಯೇ ಬರುವುದು.

ಅಂದಾನಗೌಡರು ದಿಲ್ಲಿಯಲ್ಲಿ ಕುರ್ಚಿ ಹತ್ತಿದಾಗ,
ಅದಕ್ಕಿಂತ ದೊಡ್ಡದು ದೇಶದಲ್ಲಿ ಇರಲಿಲ್ಲ,
ಊರೆಲ್ಲ ಪಟಾಕಿ. ಗಡಿಯಾರ ಕಂಬದ ಹತ್ತಿರ
ಮಂಡಕ್ಕಿ, ಮೆಣಸಿನಕಾಯಿ ಪುಕ್ಕಟೆ.
ಆ ಕುರ್ಚಿಯ ಮುದ್ರೆ ನಾನು ಮಾಡಿದ್ದಲ್ಲ,
ಅದನ್ನು ಅಲ್ಲೇ ಹಿತ್ತಾಳೆಯಲ್ಲಿ ಮಾಡುತ್ತಾರಂತೆ.
ನಾನು ಮಾಡಿದ್ದು ಅವರು ಆನಗೋಡು ಸೊಸೈಟಿಗೆ
ಸೆಕ್ರೆಟರಿ ಆಗಿದ್ದಾಗಿನದು. ಹನ್ನೆರಡು ರೂಪಾಯಿ.
ಎರಡು ಬಾಕಿ.

ಮೂರನೆಯ ವರ್ಷ, ಒಂದು ಬುಧವಾರ
ಮಧ್ಯಾಹ್ನದ ವಾರ್ತೆಯಲ್ಲಿ ಹೇಳಿದರು:
ಬಿಟ್ಟರಂತೆ.
ಬಿಡಿಸಿದ್ದಲ್ಲ, ಬಿದ್ದದ್ದಲ್ಲ, ಬಿಟ್ಟದ್ದು.
ಅದೂ ತಲೆ ಎಣಿಕೆಯಲ್ಲಿ ಗೆದ್ದ ಮರುದಿನ.

ಆ ಮೂರು ಮಾತಿನ ವ್ಯತ್ಯಾಸ
ನಮ್ಮ ಬೀದಿಗೆ ತಿಳಿಯಲೇ ಇಲ್ಲ.
ಬಟ್ಟೆ ಅಂಗಡಿ ಘೇವರಚಂದ್: ಸಕ್ಕರೆ ಕಾಯಿಲೆ ಇರಬೇಕು.
ಕಾಟನ್ ಮಿಲ್ಲಿನ ಹಳೆ ಜಾಬರ್ ಮಹಬೂಬ್ ಸಾಬ್: ಯಾವುದೋ ಫೈಲು ಸಿಕ್ಕಿದೆ.
ದೋಸೆ ಕಾಯುತ್ತ ಕೂತಿದ್ದ ಮೂರನೆಯವ:
ನಾಟಕ ಕಣ್ರೀ, ವಾಪಸ್ ಬರ್ತಾರೆ, ನೋಡ್ತಿರಿ.
ನಾನೂ ಒಂದು ಕಾರಣ ಕಟ್ಟಿದ್ದೆ, ಈಗ ನೆನಪಿಲ್ಲ.
ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಏಳುವವನ
ಹಸಿವಿನ ಮೇಲೆಯೇ ನಮಗೆ ಗುಮಾನಿ.

ಮಳೆಗಾಲ ಮುಗಿದ ಮೇಲೆ ಆಟೋದಲ್ಲಿ ಬಂದರು.
ಜತೆಗಿದ್ದ ಬಂದೂಕಿನ ಹುಡುಗ
ಎದುರಂಗಡಿಯಲ್ಲಿ ಟೀ ಕುಡಿಯುತ್ತ ನಿಂತ.
ಸ್ಟೂಲಿನ ಧೂಳನ್ನು ತಾವೇ ಒರೆಸಿ ಕೂತು
"ಪುಸ್ತಕಗಳಿಗೆ ಒತ್ತಾಕೆ ಒಂದು ಸ್ಟಾಂಪು ಬೇಕಿತ್ತು, ಪಿಸೆಯವರೇ.
ಹೆಸರು, ಊರು. ಅಷ್ಟೇ."
"ಕೆಳಗೆ ಮಾಜಿ ಅಂತ..."
"ಮಾಜಿ ಅನ್ನೋದು ಹುದ್ದೆಯೇನ್ರೀ?"

ಬರೆದುಕೊಂಡೆ. ನಮ್ಮಲ್ಲಿ ಅಕ್ಷರಕ್ಕಿಷ್ಟು ಅಂತ ರೇಟು;
ದೊಡ್ಡವರಿಂದ ಇಷ್ಟು ಅಗ್ಗದ ಆರ್ಡರು ಅದೊಂದೇ.
ಕೇಳಬಾರದು ಅಂದುಕೊಂಡೇ ಕೇಳಿದೆ: ಯಾಕ್ ಬಿಟ್ರಿ?
ಗಾಜಿನ ಮೇಲಿದ್ದ ಹಳೇ ಸ್ಟಾಂಪೊಂದನ್ನು ತಿರುವಿ ನೋಡುತ್ತ
"ಇದು ಸವೆದಿದ್ದು ಹೆಂಗೆ ಗೊತ್ತಾಗುತ್ತೆ?" ಅಂದರು.

"ಹಿಡಿದವರಿಗೆ ಗೊತ್ತಾಗಲ್ಲ ಸರ್.
ಅಂಚು ಮೊದಲು ಹೋಗುತ್ತೆ. ಪ್ಯಾಡು ಒಣಗಿದೆ ಅಂತ
ಇಂಕು ಸುರೀತಾರೆ. ಇನ್ನೂ ಜೋರಾಗಿ ಒತ್ತುತಾರೆ.
ಕಾಗದ ಹಿಡ್ಕೊಂಡು ಬಂದೋರು ಹೇಳಬೇಕು. ಹೇಳಲ್ಲ."

ಗೌಡರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಹೆಬ್ಬೆರಳಿಗೆ ಹತ್ತಿದ ನೇರಳೆ ಬಣ್ಣವನ್ನು
ಪಂಚೆಯಂಚಿಗೆ ಒರೆಸಿಕೊಂಡು
ಶುಕ್ರವಾರ ಬರ್ತೀನಿ ಅಂತ ಹೊರಟರು.
ಹಳೇ ಎರಡು ರೂಪಾಯಿ ನಾನು ನೆನಪಿಸಲಿಲ್ಲ.

ರಾತ್ರಿ ಶಟರ್ ಎಳೆಯಲು ಬಗ್ಗಿದಾಗ
ಒಳಜೇಬಿನಲ್ಲಿ ಏನೋ ಎದೆಗೆ ಒತ್ತಿತು.
ನಮ್ಮ ಸಮಾಜದ ಸಂಘದ ಮುದ್ರೆ.
ಹತ್ತೊಂಬತ್ತು ವರ್ಷದಿಂದ ನಾನೇ ಅಧ್ಯಕ್ಷ.
ನೂರ ನಲವತ್ತು ಮನೆ, ಒಂದು ಮದುವೆ ಹಾಲು,
ಎಂಟು ಡಜನ್ ಸ್ಟೀಲ್ ತಟ್ಟೆ, ಎರಡು ಜಮಖಾನೆ.
ಪ್ರತಿ ಸಲ "ಬೇರೆಯವರು ನಿಲ್ರಪ್ಪಾ" ಅನ್ನುತ್ತೇನೆ,
ಅನ್ನುತ್ತಲೇ ಯಾರು ಏಳುತ್ತಾರೆಂದು ನೋಡುತ್ತೇನೆ.
ಈ ಮುದ್ರೆ ಮನೆಯಲ್ಲಿಟ್ಟು ಬಂದ ದಿನವೊಂದಿಲ್ಲ.

ಮತ್ತೆ ಲೈಟು ಹಾಕಿದೆ.
ರದ್ದಿ ಕಾಗದದ ಮೇಲೆ ಒತ್ತಿ ನೋಡಿದೆ.
ನಾನೇ ಕೊರೆದದ್ದು, ನನ್ನದೇ ಅಕ್ಷರ.
'ಅಧ್ಯಕ್ಷ'ದ ಅ ಮೂಡಲಿಲ್ಲ.

ಪ್ಯಾಡು ಒಣಗಿದೆ ಅಂದುಕೊಂಡು
ಇಂಕಿನ ಬಾಟಲಿಗೆ ಕೈ ಚಾಚಿದೆ.