ಕಿವಿಗುರುತು

ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಮೂಟೆಯ ಪಕ್ಕ,
ಪರದೆ ಒಡೆದ ಹಳೇ ಲ್ಯಾಪ್‌ಟಾಪೊಂದು
ಹಗಲೂ ಇರುಳೂ ಬುಸುಗುಡುತ್ತದೆ.
ಅದೇ ನಮ್ಮ ಸರ್ವರ್.

ಒಳಗಿರುವುದು ಊರಿನ ಕುರಿಲೆಕ್ಕ:
ಯಾರದು ಸೀಳಿದ ಎಡಗಿವಿ, ಯಾರದು ತುದಿ ಕತ್ತರಿಸಿದ ಬಲಗಿವಿ,
ಯಾವ ಟಗರು ಯಾವ ವರ್ಷ
ಮಂಜಿನಲ್ಲಿ ಜಾರಿ ಕಡಲಿಗೆ ಬಿತ್ತು.
ಕಾಗದದ ಪುಸ್ತಕಕ್ಕೆ ಫಾರೋ ದ್ವೀಪದ ಒದ್ದೆ ಗಾಳಿ ಬಾಯಿ ಹಾಕಿದಾಗ
ಸಭೆಯಲ್ಲಿ ಎಲ್ಲರೂ ನನ್ನತ್ತ ತಿರುಗಿದರು:
'ಸುನ್ವಾಗೆ ಯಂತ್ರ ಗೊತ್ತು.'
ನನಗೆ ಗೊತ್ತಿರುವುದು ಹಡಗಿನ ಡೀಸೆಲ್ ಎಂಜಿನ್.

ನಾಲ್ಕು ವಾರ ಬ್ಯಾರೆಂಟ್ಸ್ ಸಮುದ್ರ, ಎರಡು ವಾರ ಮನೆ.
ಅಲ್ಲಿಂದ ಇಲ್ಲಿಯ ಲೆಕ್ಕ ತೆರೆಯಲು
ಒಂದು ತಂತ್ರಾಂಶ ಆರಿಸಬೇಕಿತ್ತು.
ಮೂರು ರಾತ್ರಿ ಕೂತೆ.

ಇಡೀ ಪರದೆಯನ್ನೇ ಹೊತ್ತು ತರುವುದೊಂದಿತ್ತು,
ಬಣ್ಣ, ಬಾಣ, ಕಸದಬುಟ್ಟಿ ಸಮೇತ. ಚೆಂದ.
ಆದರೆ ಹಡಗಿನ ಉಪಗ್ರಹದ ಗೆರೆ ಹುಲ್ಲುಕಡ್ಡಿಯಷ್ಟು ಸಪೂರ;
ಅದರಲ್ಲಿ ತಿಮಿಂಗಿಲ ಹೀರುವುದೆಂತು?
ಬಾಣ ಸರಿಸಿ, ಒಂದು ಗುಟುಕು ಕಾಫಿ ಕುಡಿದರೆ,
ಆಮೇಲೆ ಸರಿಯುತ್ತಿತ್ತು.

ಇನ್ನೊಂದು ಬಲು ಸಲೀಸು, ಬಿಟ್ಟಿ ಬೇರೆ.
ಒಂಬತ್ತು ಅಂಕಿ ಒತ್ತಿದರೆ ಮುಗಿಯಿತು.
ಮಾತು ಮಾತ್ರ ನೇರ ಮನೆಗೆ ಹೋಗದು,
ಯಾವುದೋ ದೇಶದ ಕಂಪನಿಯೊಂದರ ಪಡಸಾಲೆ ಹಾಯ್ದು ಹೋಗುತ್ತದೆ.
ಒಳ್ಳೆಯವರೇ ಇರಬಹುದು.
ನನ್ನ ಮಾಳಿಗೆಗೆ ಇಳಿಯಲು ನಾನೇಕೆ ಅವರ ಕದ ತಟ್ಟಲಿ?

ಕಡೆಗೆ ಸುರಂಗ.
ಅದು ನಮಗೇನು ಹೊಸದಲ್ಲ,
ದ್ವೀಪದಿಂದ ದ್ವೀಪಕ್ಕೆ ಕಡಲಡಿಯಲ್ಲೇ ಕಾರು ಓಡಿಸುವವರು ನಾವು.
ಸುರಂಗದ ತುದಿಯಲ್ಲೊಂದು ಕಪ್ಪು ಕಿಟಕಿ,
ಬಿಳಿಯ ಅಕ್ಷರ, ಚಿತ್ರಗಿತ್ರ ಏನಿಲ್ಲ.
ಅದು ಗುಟ್ಟಿನ ಪದ ಕೇಳುವುದಿಲ್ಲ. ಕೀಲಿ ತಡವುತ್ತದೆ,
ದೊಡ್ಡಿಯಲ್ಲಿ ಕುರಿ ಹಿಡಿದು ಕಿವಿ ತಡವಿದ ಹಾಗೆ:
ಹೂಂ, ಇವಳು ನಮ್ಮವಳು.

ಪಕ್ಕದ ಮನೆಯ ಮಾರ್ಯುನ್ ಉಣ್ಣೆ ಸುತ್ತುತ್ತಾ ನಕ್ಕಳು:
'ನಲವತ್ತು ಮನೆಯ ಊರು, ಒಂದಕ್ಕೂ ಬೀಗವಿಲ್ಲ.
ಚಿಲಕ ಇರುವುದು ಗಾಳಿಗೆ.
ನೀನು ನಿದ್ದೆಗೆಟ್ಟು ಕುರಿಲೆಕ್ಕಕ್ಕೆ ಬೀಗ ಹುಡುಕುತ್ತೀ.'

ನಾನು ದಾಖಲೆ ತೋರಿಸಿದೆ.
ಒಂದೇ ರಾತ್ರಿ ಸಾವಿರದ ಇನ್ನೂರು ಸಲ
ಯಾರೋ ನಮ್ಮ ಬಾಗಿಲು ಅಲ್ಲಾಡಿಸಿದ್ದಾರೆ,
ಯಜಮಾನ ಅಂತ ಹೆಸರು ಹೇಳಿ, ಪರೀಕ್ಷಕ ಅಂತ ಹೇಳಿ,
ಅತಿಥಿ ಅಂತಲೂ ಹೇಳಿ.
ಮಾರ್ಯುನ್ ಕನ್ನಡಕ ಸರಿಪಡಿಸಿಕೊಂಡಳು.
'ಅತಿಥಿಯಾಗಿದ್ದರೆ ಕೂತು ಕಾಫಿ ಕುಡಿದು ಹೋಗುತ್ತಿದ್ದ.'

ಅಕ್ಟೋಬರ್. ಊರಲ್ಲಿ ಕುರಿ ಕಡಿಯುವ ದಿನ,
ನಾನು ಎಂಜಿನ್ ಕೋಣೆಯಲ್ಲಿ, ಹೊರಟು ಹದಿನೇಳು ದಿನ.
ದೊಡ್ಡಿಯಲ್ಲಿ ಜಗಳ: ಒಂದು ಕಪ್ಪು ಕುರಿ, ಇಬ್ಬರು ಒಡೆಯರು,
ಲೆಕ್ಕ ನೋಡಿ ಹೇಳು ಎಂದು ಸಂದೇಶ.
ಎಣ್ಣೆಗೈ ಒರೆಸಿ ಕಪ್ಪು ಕಿಟಕಿ ತೆರೆದೆ.
ಉತ್ತರವಿಲ್ಲ.
ಸುರಂಗವಿದೆ, ಕೀಲಿಯಿದೆ,
ಆ ತುದಿಯಲ್ಲಿ ಮನೆಯೇ ಇಲ್ಲದ ಹಾಗೆ.

ಕರೆಂಟು ಹೋಗಿ ಬಂದಿತ್ತಂತೆ.
ಮಾರ್ಯುನ್ ಮನೆಚಪ್ಪಲಿಯಲ್ಲೇ ಅಂಗಳ ದಾಟಿ
ಬಾಗಿಲು ತಳ್ಳಿ ಕೆಳಗಿಳಿದಳು, ಕಿವಿಗೆ ಫೋನು.
'ಯಾವ ಗುಂಡಿ?'
'ಇರುವುದೇ ಒಂದು.'
'ಒತ್ತಿದೆ. ಉಸಿರು ಬಂತು.
ನಿನ್ನ ಆಲೂಗಡ್ಡೆ ಮೊಳಕೆ ಬಿಟ್ಟಿವೆ, ನಾಲ್ಕು ಒಯ್ಯುತ್ತೇನೆ.'

ಕಪ್ಪು ನೆಲದ ಮೇಲೆ ಅಕ್ಷರ ಒಂದೊಂದಾಗಿ
ಹಡಗಿನ ಹೊಯ್ದಾಟದಲ್ಲಿ ಬಂದು ನಿಂತವು:
ಕೊನೆಯ ಸಲ ಒಳಬಂದವರು ಸುನ್ವಾ,
ಹದಿನೇಳು ದಿನದ ಹಿಂದೆ.

ಚಪ್ಪಲಿಯಲ್ಲಿ ಬಂದುಹೋದವಳ ಗುರುತು
ಅದಕ್ಕೆ ಸಿಕ್ಕಿರಲಿಲ್ಲ.
ಬರೆದಿಡಲು ನಾನೂ ಹೋಗಲಿಲ್ಲ.
ಕುರಿಯ ಎಡಗಿವಿ ಹುಡುಕತೊಡಗಿದೆ.