ಕೊನೆ ತೂಬು

ಕನ್ನಂಬಾಡಿಯಲ್ಲಿ ಗೇಟು ಎತ್ತಿದರೆ
ನಮ್ಮ ಕೊನೆ ತೂಬಿಗೆ ನೀರು ಮುಟ್ಟಲು ಆರು ದಿನ,
ನಡುವೆ ಯಾರೂ ಏರಿ ಕಡಿಯದಿದ್ದರೆ.
ಇದು ಅಪ್ಪನ ಲೆಕ್ಕ.
ಮೂವತ್ತೊಂದು ವರ್ಷ ಮಳವಳ್ಳಿ ಕಡೆಯ ಕಿರುನಾಲೆಗೆ
ನೀರಗಂಟಿ, ಚಿಕ್ಕಮಾದಯ್ಯ.
ಹೆಗಲಿಗೆ ಗುದ್ದಲಿ, ಕೈಗೆ ಮೂರು ಸೆಲ್ಲಿನ ಟಾರ್ಚು,
ಎಡ ಮುಂಗೈಯಲ್ಲಿ ಕುಡುಗೋಲಿನ ಗೆರೆ:
ಎಂಬತ್ತೇಳರ ಬೇಸಿಗೆಯಲ್ಲಿ ಮೇಲಿನವರಿಗೆ
ಸಾಕು, ಮುಚ್ಚಿ ಅಂದದ್ದಕ್ಕೆ ಸಂದ ಕೂಲಿ.

ನನ್ನ ಕೆಲಸ ಮಂಡ್ಯದಲ್ಲಿ, ಕಾಲೇಜಿನ ತಾರಸಿ ಮೇಲೆ.
ನೀರಿನ ಟ್ಯಾಂಕಿನ ಪಕ್ಕ, ಬೋರಲು ಹಾಕಿದ ಬೋಸಿಯಂಥ
ಒಂದು ಬಿಳಿ ಆಂಟೆನಾ.
ಉಪಗ್ರಹಗಳ ದನಿ ನಡುಗಿದರೆ ಬರೆದಿಡುತ್ತದೆ.
ನಡುಗದಿದ್ದರೂ ಬರೆದಿಡುತ್ತದೆ.
ಕೋತಿ ಬಂದು ಕೂತರೆ ಅದನ್ನೂ.

ಒಂದು ಭಾನುವಾರ ಅಪ್ಪ ಮೆಟ್ಟಿಲು ಹತ್ತಿ ಬಂದ.
"ಏನ್ ಕಾಯ್ತಿದ್ದೀಯವ್ವ ಇಲ್ಲಿ?"

ಹೇಗೆ ಹೇಳಲಿ.
ಸೂರ್ಯನಿಂದ ಗಾಳಿ ಹೊರಡುತ್ತದಪ್ಪ, ಕಾದ ಗಾಳಿ,
ಕಾಂತದ ಎಳೆಯನ್ನು ಮೈಗೆ ಸುತ್ತಿಕೊಂಡು.
ಆ ಎಳೆ ಬಡಗಲಿಗೆ ಮುಖ ಮಾಡಿದ್ದರೆ
ನಮ್ಮ ಮಗ್ಗುಲಲ್ಲೇ ಹಾದು ಹೋಗುತ್ತದೆ, ಸುಮ್ಮನೆ.
ತೆಂಕಲಿಗೆ ತಿರುಗಿತೋ, ಬಾಗಿಲು ತೆರೆಯಿತು.

"ತೆಂಕ್ಲು ಬಾಕ್ಲು ಆಗಿಬರಾಕಿಲ್ಲ ಕಣವ್ವ,"
ಅಪ್ಪ ನಕ್ಕ.

ನಿಜ. ಆದರೆ ಇಲ್ಲಿಗೆ ಬರುವುದು ಗಾಳಿಯಲ್ಲ,
ಅದರ ವಿದ್ಯುತ್ತಿನ ಒತ್ತಡ.
ಮೊದಲು ಬೀಳುವುದು ಧ್ರುವದ ನೆತ್ತಿಗೆ,
ಹಿಮವಿರುವಲ್ಲಿ, ನಾಲೆಯ ತಲೆಯಲ್ಲಿ.

"ಅಲ್ಲಿಂದ ನಮ್ ತಾವ್ಕೆ ಎಷ್ಟ್ ದಿನ?"

ದಿನವಿಲ್ಲಪ್ಪ.
ಅಲ್ಲಿ ಬಿದ್ದ ಗಳಿಗೆಯೇ ಇಲ್ಲಿ.
ಬೀಡಿ ತುಟಿಗೆ ಹೋಗುವಷ್ಟರಲ್ಲಿ
ಸಮಭಾಜಕದ ಈ ಕೊನೆ ತೂಬಿಗೆ ಮುಟ್ಟಿರುತ್ತದೆ.

ಅಪ್ಪನ ಬೀಡಿ ಅರ್ಧದಲ್ಲೇ ನಿಂತಿತು.

ಹಗಲಾದರೆ ಅದು
ನಮ್ಮ ತಲೆಯ ಮೇಲಿನ ಮಿಂಚಿನ ಪದರವನ್ನು
ಇನ್ನೂ ನೂರು ಮೈಲಿ ಮೇಲಕ್ಕೆ ಎತ್ತುತ್ತದೆ.
ಎದ್ದದ್ದು ಕಾರಂಜಿಯ ಹಾಗೆ ಎರಡು ಕಡೆಗೂ ಬಾಗಿ
ಜಾರುತ್ತದೆ, ಕಾಂತದ ಗೆರೆ ಹಿಡಿದು.
ಬೀಳುವುದು ಮಾತ್ರ ಭೋಪಾಲದ ಮೇಲೆ,
ಈಚೆಗೆ, ಯಾರೂ ಇಲ್ಲದ ಕಡಲ ಮೇಲೆ.

"ನೋಡ್ದಾ! ಅಲ್ಲೂ ನಮ್ಗಿಲ್ಲ."

ಹೋಗುವಾಗ ಮೆಟ್ಟಿಲ ತುದಿಯಲ್ಲಿ ತಿರುಗಿ ಕೇಳಿದ,
"ಅದ್ಕೆ ನೀರಗಂಟಿ ಯಾರವ್ವ?"
ಯಾರೂ ಇಲ್ಲ ಅಂದೆ.
ಮುಂಗೈ ಸವರಿಕೊಂಡ. ಏನೂ ಅನ್ನಲಿಲ್ಲ.

ಯುಗಾದಿ ಕಳೆದು ಮೂರನೇ ಸಂಜೆ.
ಹೊತ್ತು ಮುಳುಗಿತ್ತು. ಏಳು ಗಂಟೆ ಹತ್ತು ನಿಮಿಷ.
ಎಳೆ ತೆಂಕಲಿಗೆ ಹೊರಳಿತು, ಪದರ ಎದ್ದಿತು,
ಅದರ ತಳದಿಂದ ಗುಳ್ಳೆಗಳು,
ಮುದ್ದೆಯ ಎಸರು ಕುದಿದ ಹಾಗೆ.
ಪರದೆಯ ಮೇಲೆ ಒಂದೊಂದೇ ಉಪಗ್ರಹದ ಗೆರೆ
ಚಳಿಜ್ವರ ಹಿಡಿದು ಅದುರತೊಡಗಿತು.

ಫೋನು. ಕೆರಗೋಡು ಕಡೆಯಿಂದ ಸರ್ವೆಯ ಶಫೀವುಲ್ಲಾ,
ಕತ್ತಲಾದರೂ ಗಡಿ ಮುಗಿಸುವ ಹಟ:
"ಮೇಡಂ, ಬಾಂದುಕಲ್ಲು ನಿಂತಲ್ಲೇ ಐತೆ,
ಮಿಷಿನ್ನು ಮೂರು ಮೀಟರ್ ಅತ್ತ ಅಂತದೆ, ನಾಕು ಇತ್ತ ಅಂತದೆ.
ಅಣ್ಣತಮ್ಮ ಇಬ್ರೂ ದೊಣ್ಣೆ ಹಿಡಕಂಡು ನಿಂತವ್ರೆ."
ಬೆಳಿಗ್ಗೆ ಅಳೆಯಿರಿ ಅಂದೆ.
"ಏನಂತ ಹೇಳ್ಲಿ?"
ಸೂರ್ಯ ತೂಬು ಎತ್ತಿದ್ದಾನೆ ಅನ್ನಿ.
ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರು.
"ನೀರಿನ ಮಾತಾದ್ರೆ ನಂಬ್ತಾರೆ ಬಿಡಿ."

ಎಂಟೂವರೆಗೆ ಎಳೆ ಬಡಗಲಿಗೆ ಮರಳಿತು.
ಅಷ್ಟರಲ್ಲಿ ಭೂಮಿ ತನ್ನ ಸುತ್ತ ಏರಿ ಕಟ್ಟಿಕೊಂಡಿತ್ತು,
ಬರುವ ಒತ್ತಡಕ್ಕೆ ಅಡ್ಡಲಾಗಿ.
ಒತ್ತಡ ನಿಂತರೂ ಏರಿ ನಿಂತೇ ಇತ್ತು,
ಈಗ ಅದೇ ಹಿಂದಕ್ಕೆ ನೂಕಿತು.
ಪದರ ಕುಸಿಯಿತು.

ಅಪ್ಪನ ಟಾರ್ಚು ಹಿಡಿದು ತಾರಸಿಗೆ ಹೋದೆ.
ಕಾಣುವುದೇನೂ ಇರಲಿಲ್ಲ.
ಸಕ್ಕರೆ ಕಾರ್ಖಾನೆಯ ವಾಸನೆ, ಆಂಟೆನಾದ ಮೇಲೆ ಧೂಳು,
ಎಂದಿನ ಹಾಗೆ ನಕ್ಷತ್ರ.

ಕೆಳಗಿಳಿದು ದಿನಚರಿ ಪುಸ್ತಕದಲ್ಲಿ
ಅಪ್ಪ ಬರೆಯುತ್ತಿದ್ದ ಹಾಗೆ ಬರೆದೆ:
ಕೊನೆ ತೂಬು. 7.10ಕ್ಕೆ ಮುಟ್ಟಿತು.
ದಾರಿಯಲ್ಲಿ ಯಾರೂ ಕಡಿಯಲಿಲ್ಲ.